ಸಂಬಳ ಬಿಟ್ಟ ಮಾಸ್ತರ: ಶಿಶುನಾಳ ಶರೀಫರ ತೃಪ್ತಿಯ ಬದುಕು

ಕೆಲಮಂಗಲ: ಕನ್ನಡ ಓದುವ ಮನೆಗಳಲ್ಲಿ ಶಿಶುನಾಳ ಶರೀಫರ ಹೆಸರು ಕೇಳದವರು ವಿರಳ. ಅವರನ್ನು ನಾವು ಭಾವೈಕ್ಯದ ಸಂತರೆಂದು, ತತ್ತ್ವಪದಕಾರರೆಂದು ಸ್ಮರಿಸುತ್ತೇವೆ. ಅವರು ಒಂದು ಕಾಲಕ್ಕೆ ಶಾಲಾ ಮಾಸ್ತರರಾಗಿದ್ದರು. ಕೈಗೆ ಬರುತ್ತಿದ್ದ ಸಂಬಳವನ್ನು ತಾವಾಗಿಯೇ ಬಿಟ್ಟರು. ಈ ಸಂಗತಿಗೆ ಅಷ್ಟಾಗಿ ಗಮನ ಸಂದಿಲ್ಲ. ಮಗುವನ್ನು ಕನ್ನಡ ಶಾಲೆಗೆ ಸೇರಿಸುವಾಗ, ಇದರಿಂದ ನಾಳೆ ಎಷ್ಟು ಸಂಪಾದನೆಯಾದೀತು ಎಂಬ ಪ್ರಶ್ನೆಯನ್ನು ಎದುರಿಸುವ ಗಡಿನಾಡಿನ ಪೋಷಕರು ಅರಿಯಬೇಕಾದ ಬದುಕು ಅದು.

ಶರೀಫರು ಜನಿಸಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳ ಗ್ರಾಮದಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಅದಕ್ಕೆ ತುಸು ಮುನ್ನವಷ್ಟೇ ಆ ಸೀಮೆಯಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಕಂಪನಿ ಸರ್ಕಾರ ಕಾಲೂರಿತ್ತು. ಹೊಸ ಆಡಳಿತಕ್ಕೆ ಓದುಬರಹ ಬಲ್ಲವರು ಬೇಕಾಗಿದ್ದರು. ಅಕ್ಷರ ಕಲಿತ ಹಳ್ಳಿಯ ಹುಡುಗನಿಗೆ ಸರ್ಕಾರಿ ಸಂಬಳವೆಂಬುದು ಮಳೆಯನ್ನು ನೆಚ್ಚದ ಬೆಳೆಯಾಗಿ ಕಂಡ ಕಾಲವದು. ಶರೀಫರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಾಥಮಿಕ ಶಾಲೆಯ ಶಿಕ್ಷಕರಾದರು. ಬಡ ಮನೆತನಕ್ಕೆ ಅದು ಸಣ್ಣ ಭಾಗ್ಯವೇನೂ ಆಗಿರಲಿಲ್ಲ.

ಆದರೆ ಕೆಲವೇ ವರ್ಷಗಳಲ್ಲಿ ಅವರು ಆ ಹುದ್ದೆಯನ್ನು ತೊರೆದರು. ಅವರ ಮನಸ್ಸು ಗುರುವನ್ನು ಅರಸುತ್ತಿತ್ತು. ಕಳಸದ ಗೋವಿಂದಭಟ್ಟರು ಆ ಗುರುವಾಗಿ ದೊರೆತರು. ಜಾತಿಯ ಕಟ್ಟುಪಾಡುಗಳನ್ನು ಲೆಕ್ಕಿಸದ ಆ ಬ್ರಾಹ್ಮಣ ಗುರು ಮುಸ್ಲಿಂ ಶಿಷ್ಯನನ್ನು ಮಗನಂತೆ ಕಂಡರು. ಊರವರು ಇಬ್ಬರನ್ನೂ ಆಡಿಕೊಂಡರು. ಇಬ್ಬರೂ ಅದಕ್ಕೆ ಅಂಜಲಿಲ್ಲ.

ಶರೀಫರ ಈ ನಡೆಯ ಹಿಂದೆ ಅವರು ಹುಟ್ಟಿದ ಧರ್ಮದ ಒಂದು ಹಳೆಯ ಚಿಂತನೆಯೂ ಇದೆ. ಇರುವುದರಲ್ಲಿ ತೃಪ್ತಿ ಪಡುವ ಗುಣಕ್ಕೆ ಇಸ್ಲಾಮಿನಲ್ಲಿ ಖನಾಅತ್ ಎಂದು ಹೆಸರು. ಸರಕುಗಳ ರಾಶಿಯಿಂದ ಸಿರಿವಂತಿಕೆ ಬರುವುದಿಲ್ಲ, ಮನಸ್ಸು ತುಂಬಿದ್ದರೆ ಮಾತ್ರ ಮನುಷ್ಯ ಸಿರಿವಂತನೆಂಬುದು ಪ್ರವಾದಿಯವರ ಬೋಧನೆಯ ಸಾರ. ಕುರ್‌ಆನಿನ 102ನೆಯ ಅಧ್ಯಾಯವಾದ ತಕಾಸುರ್, ಹೆಚ್ಚು ಹೆಚ್ಚು ಕೂಡಿಡುವ ಪೈಪೋಟಿಯಲ್ಲಿ ಮೈಮರೆತು ಗೋರಿಯವರೆಗೂ ಸಾಗುವ ಮನುಷ್ಯರನ್ನು ಎಚ್ಚರಿಸುತ್ತದೆ. ಬೊಕ್ಕಸದ ಬೀಗದ ಕೈಗಳನ್ನು ಹೊರಲು ಬಲಶಾಲಿಗಳ ಗುಂಪೇ ಬೇಕಾಗಿದ್ದ ಕಾರೂನನು ತನ್ನ ಮನೆಯೊಡನೆ ನೆಲದಲ್ಲಿ ಹೂತುಹೋದ ಕಥೆಯೂ ಅದೇ ಗ್ರಂಥದಲ್ಲಿದೆ.

ಇದನ್ನು ಸೋಮಾರಿತನಕ್ಕೆ ಸಮರ್ಥನೆಯೆಂದು ತಿಳಿಯಬಾರದು. ಪ್ರವಾದಿಯವರೇ ವ್ಯಾಪಾರ ಮಾಡಿದವರು. ಅವರ ಪತ್ನಿ ಖದೀಜಾ ಸಹ ಹೆಸರಾಂತ ವರ್ತಕಿ. ಬೇಡುವುದಕ್ಕಿಂತ ಕಾಡಿನಿಂದ ಸೌದೆ ಹೊತ್ತು ಮಾರುವುದು ಮೇಲೆಂದು ಅವರು ತಿಳಿಸಿದ್ದರು. ತನ್ನ ಆಸ್ತಿಯನ್ನೆಲ್ಲ ದಾನ ಮಾಡಲು ಹೊರಟ ಸಅದ್ ಎಂಬ ಅನುಯಾಯಿಯನ್ನು ತಡೆದು, ಮೂರನೆಯ ಒಂದು ಪಾಲೇ ಹೆಚ್ಚೆಂದು ತಿಳಿಹೇಳಿ, ಮನೆಯವರನ್ನು ಪರರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದು ಸಲ್ಲದೆಂದು ವಿವರಿಸಿದ್ದರು. ನಿಗದಿತ ಮಿತಿ ದಾಟಿ ವರ್ಷವಿಡೀ ಉಳಿದ ಹಣದಲ್ಲಿ ನಲವತ್ತರಲ್ಲೊಂದು ಪಾಲನ್ನು ಜಕಾತ್ ಆಗಿ ಕೊಡಬೇಕೆಂಬ ವಿಧಿಯೂ ಗಳಿಕೆ ಇರುತ್ತದೆಂಬುದನ್ನು ಒಪ್ಪಿಯೇ ರೂಪುಗೊಂಡಿದೆ. ಅಲ್ಲಿ ನಿಷಿದ್ಧವಾದದ್ದು ಸಾಕೆಂಬ ಗೆರೆಯನ್ನೇ ಕಾಣದ ಆಸೆ.

ಶರೀಫರ ಆಯ್ಕೆ ಸುಲಭದ್ದಾಗಿರಲಿಲ್ಲ. ಮಡದಿ ಫಾತಿಮಾ ಬಹುಬೇಗ ತೀರಿಕೊಂಡರು. ಹೆಣ್ಣುಮಗುವೂ ಉಳಿಯಲಿಲ್ಲ. ಬಡತನ ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ. ತೃಪ್ತಿಯೆಂದರೆ ನೋವಿಲ್ಲದ ಸ್ಥಿತಿಯೆಂದು ಅವರ ಬದುಕನ್ನು ನೋಡಿದವರು ಹೇಳಲಾರರು. ಹಸಿವನ್ನು ಬಲ್ಲವರು ತೃಪ್ತಿಯನ್ನು ಹಾಡಿದ್ದರಿಂದಲೇ ಆ ಮಾತಿಗೆ ತೂಕ ಬಂದಿತು. ಉಂಡು ತೇಗಿದವರು ಹಸಿದವರಿಗೆ ಹೇಳುವ ತೃಪ್ತಿಯ ಪಾಠಕ್ಕೂ ಇದಕ್ಕೂ ಬಹಳ ಅಂತರವಿದೆ.

ಅವರ ಹಾಡುಗಳ ಸಾಮಗ್ರಿಯೂ ಬಡವರ ಮನೆಯದೇ. ಸೋರುವ ಮಾಳಿಗೆ, ಕೋಳಿ, ತಂಬೂರಿ, ಮುದುಕಿ, ಇವೆಲ್ಲ ಅವರ ಕೈಯಲ್ಲಿ ತತ್ತ್ವದ ಪಾಠಗಳಾದವು. ಮನೆಯ ಮಾಳಿಗೆ ಸೋರುವುದನ್ನು ಹೇಳುತ್ತಲೇ, ಅಜ್ಞಾನದಿಂದ ಶಿಥಿಲಗೊಂಡ ಮನುಷ್ಯನ ಒಳಮನೆಯನ್ನು ಅವರು ತೋರಿಸಿಕೊಟ್ಟರು. ಮೊಹರಂ ಸಂದರ್ಭದಲ್ಲಿ ಹಾಡುವ ರಿವಾಯತ್ ಪದಗಳನ್ನು ಕರ್ಬಲಾದ ನೆನಪಿಗಾಗಿ ಕನ್ನಡದಲ್ಲಿಯೇ ಕಟ್ಟಿದರು. ಶಿವನನ್ನು, ದೇವಿಯನ್ನು, ಗುರುವನ್ನು ಕುರಿತು ಹಾಡಿದ್ದೂ ಅದೇ ನಾಲಿಗೆಯಿಂದ. ಹಲವು ಹಾಡುಗಳ ಕೊನೆಗೆ ತಮ್ಮ ಊರಿನ ದೇವರ ಅಂಕಿತವನ್ನಿಟ್ಟರು.

ಆ ಹಾಡುಗಳಿಂದ ಅವರು ಕಾಸು ಗಳಿಸಲಿಲ್ಲ. ಭಜನೆಯವರು, ಬಯಲಾಟದವರು, ಹೊಲದಲ್ಲಿ ದುಡಿಯುವವರು ಕೇಳಿ ಕಲಿತು ಬಾಯಿಂದ ಬಾಯಿಗೆ ದಾಟಿಸಿದರು. ಸಂಗ್ರಹಗಳು ಅಚ್ಚಾದದ್ದು ಅವರ ಕಾಲಾನಂತರ. ಮುಂದೆ ಸಿ. ಅಶ್ವತ್ಥ್ ಅವರ ಕಂಠದಿಂದ ಆ ಪದಗಳು ನಾಡಿನ ಮೂಲೆಮೂಲೆಗೂ ತಲುಪಿದವು. 1990ರಲ್ಲಿ ಟಿ.ಎಸ್. ನಾಗಾಭರಣ ಅವರು ಶರೀಫರ ಬದುಕನ್ನು ಚಲನಚಿತ್ರವಾಗಿಸಿದರು.

1889ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಶರೀಫರು ದೇಹ ಬಿಟ್ಟರು. ಹಿಂದೂಗಳೂ ಮುಸಲ್ಮಾನರೂ ತಮ್ಮ ತಮ್ಮ ಪದ್ಧತಿಯಂತೆ ಅಂತಿಮ ವಿಧಿಗಳನ್ನು ನೆರವೇರಿಸಿದರು. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಎರಡೂ ಸಮುದಾಯದವರು ಬಂದು ತಲೆಬಾಗುತ್ತಾರೆ. ಹಂಚಿಕೊಳ್ಳಲು ಆಸ್ತಿಯಿಲ್ಲದವರನ್ನು ಎಲ್ಲರೂ ತಮ್ಮವರೆಂದುಕೊಂಡರು.

ಕೆಲಮಂಗಲದ ಸುತ್ತಿನ ರಾಗಿ ಹೊಲ, ಟೊಮೆಟೊ ತೋಟಗಳ ನಡುವಿನಿಂದ ಹೊರಟ ಯುವಕರಿಗೆ ಹೊಸೂರಿನ ಕಾರ್ಖಾನೆಗಳೂ ಬೆಂಗಳೂರಿನ ಕಚೇರಿಗಳೂ ದೂರವಲ್ಲ. ದುಡಿಮೆ ಬೇಕು; ಮಗಳ ಓದಿಗೆ, ತಾಯಿಯ ಔಷಧಿಗೆ ಹಣ ಬೇಕು. ಸಂಬಳವನ್ನು ಬಿಡಿರೆಂದು ಶರೀಫರ ಬದುಕು ಯಾರಿಗೂ ಉಪದೇಶಿಸುವುದಿಲ್ಲ. ಗಳಿಕೆಯೊಂದರಿಂದಲೇ ಮಗುವಿನ ಕಲಿಕೆಗೆ ಬೆಲೆ ಕಟ್ಟುವ ಅಭ್ಯಾಸವನ್ನು ಮಾತ್ರ ಅದು ಪ್ರಶ್ನಿಸುತ್ತದೆ. ಕನ್ನಡ ಕಲಿತ ಮಗುವಿಗೆ ಉದ್ಯೋಗದ ದಾರಿಯ ಜೊತೆಗೆ ಇಂಥ ಒಂದು ಹಾಡಿನ ಅರ್ಥವೂ ತಿಳಿದಿರುತ್ತದೆ; ಆ ಗಳಿಕೆ ಯಾವ ಸಂಬಳದ ಚೀಟಿಯಲ್ಲಿಯೂ ನಮೂದಾಗುವುದಿಲ್ಲ. ಶಿಶುನಾಳದ ಮಾಸ್ತರರು ತೊರೆದ ಹುದ್ದೆಗೆ ಸಂಬಳ ಎಷ್ಟಿತ್ತೆಂದು ಇಂದು ಯಾರೂ ಕೇಳುವುದಿಲ್ಲ. ಅವರ ಪದಗಳನ್ನು ಮಾತ್ರ ಮಕ್ಕಳು ಇನ್ನೂ ಹಾಡುತ್ತಿದ್ದಾರೆ.