ಕರುಣೆಗೆ ಕಲಿಕೆಯ ಬಲ ತುಂಬಿದ ಫ್ಲಾರೆನ್ಸ್ ನೈಟಿಂಗೇಲ್

ರೋಗಿಯ ಹಾಸಿಗೆಯ ಬಳಿ ಕುಳಿತು ಕಣ್ಣೀರಿಡುವವರಿಗೆ ಲೋಕದಲ್ಲಿ ಎಂದೂ ಬರವಿಲ್ಲ. ಆದರೆ ಆ ರೋಗಿಯ ಬೆನ್ನಲ್ಲಿ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಹೇಗೆ, ಗಾಯಕ್ಕೆ ಪಟ್ಟಿ ಕಟ್ಟುವುದು ಹೇಗೆ, ನಾಡಿಯಲ್ಲಿ, ಉಸಿರಿನಲ್ಲಿ ಆದ ಬದಲಾವಣೆಯನ್ನು ಗುರುತಿಸಿ ಸಕಾಲದಲ್ಲಿ ವೈದ್ಯರಿಗೆ ತಿಳಿಸುವುದು ಹೇಗೆ ಎಂದು ಬಲ್ಲವರು ಎಷ್ಟು ಮಂದಿ? ಕರುಣೆ ಹೃದಯದ ಸಂಪತ್ತು. ಆದರೆ ಅದು ರೋಗಿಯ ಪ್ರಾಣ ಉಳಿಸಬೇಕಾದರೆ ಕೈಗೆ ವಿದ್ಯೆ ಬೇಕು. ಈ ಸರಳ ಸತ್ಯವನ್ನು ಜಗತ್ತಿಗೆ ಮನವರಿಕೆ ಮಾಡಿಸಲು ಒಬ್ಬ ಮಹಿಳೆ ತನ್ನ ಇಡೀ ಆಯುಷ್ಯವನ್ನೇ ವ್ಯಯಿಸಬೇಕಾಯಿತು. ಅವರೇ ಫ್ಲಾರೆನ್ಸ್ ನೈಟಿಂಗೇಲ್.

ಶಾಲಾ ಪುಸ್ತಕಗಳಲ್ಲಿ ನಾವು ಓದಿರುವ ಫ್ಲಾರೆನ್ಸ್ ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುವ ಸಾಧ್ವಿ. ಆ ಚಿತ್ರ ಸುಳ್ಳಲ್ಲ. ಆದರೆ ದೀಪ ಹಿಡಿದದ್ದು ಎರಡು ವರ್ಷಕ್ಕೂ ಕಡಿಮೆ. ಅದರ ನಂತರದ ಐವತ್ತು ವರ್ಷಗಳ ದುಡಿಮೆಯ ಕಥೆ ಹೆಚ್ಚಿನವರಿಗೆ ತಿಳಿದಿಲ್ಲ.

ಸಿರಿವಂತರ ಮನೆಯ ಮಗಳು

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆಕೆ ಜನಿಸಿದರು. ಪ್ರವಾಸದಲ್ಲಿದ್ದ ಇಂಗ್ಲಿಷ್ ದಂಪತಿ ಆ ಊರಿನ ಹೆಸರನ್ನೇ ಮಗುವಿಗಿಟ್ಟರು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲೂ ಹ್ಯಾಂಪ್‌ಶೈರ್‌ನಲ್ಲೂ ಅವರಿಗೆ ದೊಡ್ಡ ಬಂಗಲೆಗಳಿದ್ದವು. ತಂದೆ ವಿಲಿಯಂ ವಿದ್ಯಾವಂತರು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಅವರು ತಮ್ಮ ಇಬ್ಬರು ಪುತ್ರಿಯರಿಗೂ ತಾವೇ ಲ್ಯಾಟಿನ್, ಗ್ರೀಕ್, ಇತಿಹಾಸ ಮತ್ತು ತತ್ವಶಾಸ್ತ್ರಗಳನ್ನು ಕಲಿಸಿದರು. ಕಿರಿಯ ಮಗಳಿಗೆ ಗಣಿತದ ಮೇಲೆ ವಿಶೇಷ ಒಲವು. ಆ ಗಣಿತ ಮುಂದೊಂದು ದಿನ ಸಾವಿರಾರು ಜೀವಗಳಿಗೆ ನೆರವಾಗಲಿದೆ ಎಂದು ಅಂದು ಯಾರೂ ಊಹಿಸಿರಲಿಲ್ಲ.

1837ರ ಫೆಬ್ರವರಿಯಲ್ಲಿ, ಇನ್ನೂ 17 ತುಂಬುವ ಮೊದಲೇ, ದೇವನು ತನ್ನನ್ನು ಯಾವುದೋ ಸೇವೆಗಾಗಿ ಕರೆಯುತ್ತಿದ್ದಾನೆ ಎಂಬ ದೃಢವಾದ ಅನುಭವ ಆಕೆಗಾಯಿತು. ಆ ಸೇವೆ ಯಾವುದೆಂದು ತಿಳಿಯಲು ವರ್ಷಗಳೇ ಬೇಕಾದವು. ಹಳ್ಳಿಯ ಬಡವರ ಗುಡಿಸಲುಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವಾಗ ಒಂದು ವಿಷಯ ಅವರ ಮನಸ್ಸಿಗೆ ಚುಚ್ಚಿತು. ಏನಾದರೂ ಮಾಡಬೇಕೆಂಬ ತುಡಿತವಿದೆ, ಆದರೆ ಏನು ಮಾಡಬೇಕೆಂಬ ಅರಿವಿಲ್ಲ. 1845ರಲ್ಲಿ, ಸಾಲಿಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೆಲಸ ಕಲಿಯುತ್ತೇನೆಂದು ಮನೆಯಲ್ಲಿ ಅನುಮತಿ ಕೇಳಿದರು. ಮನೆಯಲ್ಲಿ ಬಿರುಗಾಳಿಯೇ ಎದ್ದಿತು.

ಹೆತ್ತವರ ಆತಂಕಕ್ಕೂ ಕಾರಣವಿತ್ತು. ಅಂದಿನ ಆಸ್ಪತ್ರೆಗಳು ಕೊಳಕು ಮತ್ತು ದುರ್ನಾತದ ತಾಣಗಳಾಗಿದ್ದವು. ಅಲ್ಲಿ ದುಡಿಯುತ್ತಿದ್ದ ದಾದಿಯರಲ್ಲಿ ಹಲವರಿಗೆ ಓದುಬರಹ ಬಾರದು, ತರಬೇತಿ ಎಂಬುದೇ ಇಲ್ಲ, ಕುಡುಕಿಯರೆಂಬ ಅಪವಾದ ಬೇರೆ. ಗೌರವಸ್ಥ ಕುಟುಂಬದ ಮಗಳು ಅಂತಹ ಕಡೆ ಹೋಗುವುದನ್ನು ತಾಯಿ ಕಲ್ಪಿಸಿಕೊಳ್ಳಲೂ ಸಿದ್ಧರಿರಲಿಲ್ಲ. ಫ್ಲಾರೆನ್ಸ್ ಮನೆಯವರೊಂದಿಗೆ ಸಂಬಂಧ ಕಡಿದುಕೊಳ್ಳಲಿಲ್ಲ, ಆಸೆಯನ್ನೂ ಬಿಡಲಿಲ್ಲ. ಬೆಳಗಿನ ಜಾವ ಎದ್ದು ಮೇಣದ ಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಂಡರು. ದಿನವಿಡೀ ಮನೆಯ ಕರ್ತವ್ಯ, ಅತಿಥಿಗಳ ಉಪಚಾರ. ಹೀಗೆ ಹಲವು ವರ್ಷಗಳು ಸಂದವು.

ಕಲಿಯಲು ಹೊರಟರು

ಕೊನೆಗೂ 1851ರಲ್ಲಿ ದಾರಿ ತೆರೆಯಿತು. ಜರ್ಮನಿಯ ಡಸೆಲ್ಡಾರ್ಫ್ ಬಳಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಥಿಯೋಡೋರ್ ಫ್ಲೀಡ್ನರ್ 1836ರಲ್ಲಿ ಸ್ಥಾಪಿಸಿದ್ದ ಸೇವಾಸಂಸ್ಥೆಯಲ್ಲಿ ಅವರು ಸುಮಾರು ಮೂರು ತಿಂಗಳು ತರಬೇತಿ ಪಡೆದರು. ಆಗ ಅವರಿಗೆ 31 ವರ್ಷ. ಬಂಗಲೆಯಲ್ಲಿ ಬೆಳೆದ ಮಹಿಳೆ ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಎಲ್ಲರ ಜೊತೆ ಸರಳ ಊಟ ಉಂಡು ದುಡಿದರು. ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಪಕ್ಕದಲ್ಲಿ ನಿಂತರು, ಔಷಧಿ ತಯಾರಿಸುವುದನ್ನು ಕಲಿತರು, ಸಾಯುತ್ತಿರುವವರ ಆರೈಕೆ ಮಾಡಿದರು.

1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯಲ್ಲಿದ್ದ, ಬಡತನಕ್ಕೆ ಬಿದ್ದ ಗೌರವಸ್ಥ ಮಹಿಳೆಯರ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ಅಲ್ಲಿ ನಡೆದ ಒಂದು ಪ್ರಸಂಗ ನಮ್ಮ ಓದುಗರು ಅರಿತಿರಬೇಕಾದುದು. ಕ್ಯಾಥೊಲಿಕ್ ರೋಗಿಗಳನ್ನು ಸೇರಿಸಿಕೊಳ್ಳಲಾಗದು ಎಂದು ಆಡಳಿತ ಸಮಿತಿ ಹಟ ಹಿಡಿಯಿತು. ಹಾಗಾದರೆ ಈ ಹುದ್ದೆ ತನಗೆ ಬೇಡ ಎಂದು ಫ್ಲಾರೆನ್ಸ್ ತಿಳಿಸಿಬಿಟ್ಟರು. ಸಮಿತಿ ಮಣಿಯಿತು. ಯಾವ ಧರ್ಮದ ರೋಗಿಯಾದರೂ ಅಲ್ಲಿ ಸೇರಬಹುದು, ಅವರ ಪಾದ್ರಿಯಾಗಲಿ ಮುಫ್ತಿಯಾಗಲಿ ಬಂದು ಅವರನ್ನು ಭೇಟಿಯಾಗಬಹುದು ಎಂಬುದು ಲಿಖಿತ ನಿಯಮವಾಯಿತು. ರೋಗಿಯ ಮಂಚದ ಬಳಿ ಧರ್ಮದ ಗೋಡೆ ಕೂಡದೆಂಬ ಈ ನಿಲುವು ಇಂಗ್ಲೆಂಡಿನಲ್ಲಿ ಅಂದು ಸಾಮಾನ್ಯವಾದುದಲ್ಲ.

ಉಸ್ಕುದಾರ್‌ನ ಬ್ಯಾರಕ್

ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಆರಂಭವಾಗಿತ್ತು. ರಷ್ಯಾದ ವಿರುದ್ಧ ಉಸ್ಮಾನಿಯಾ ಸಾಮ್ರಾಜ್ಯದ ಪರವಾಗಿ ಬ್ರಿಟನ್ ಮತ್ತು ಫ್ರಾನ್ಸ್ 1854ರಲ್ಲಿ ಕಣಕ್ಕಿಳಿದವು. ಇಸ್ತಾಂಬುಲ್‌ನ ಏಷ್ಯಾ ದಡದಲ್ಲಿರುವ ಉಸ್ಕುದಾರ್‌ನಲ್ಲಿ, ಆಂಗ್ಲರು ಸ್ಕುಟಾರಿ ಎಂದು ಕರೆಯುತ್ತಿದ್ದ ಊರಿನಲ್ಲಿ, ಸುಲ್ತಾನ್ ಮೂರನೇ ಸಲೀಮ್‌ರ ಹೆಸರು ಹೊತ್ತ ಬೃಹತ್ ಸಲೀಮಿಯ ಬ್ಯಾರಕ್ ಬ್ರಿಟಿಷ್ ಸೈನ್ಯದ ಆಸ್ಪತ್ರೆಯಾಯಿತು. ಅಲ್ಲಿ ಗಾಯಾಳುಗಳು ಪಟ್ಟಿ ಕಟ್ಟುವವರಿಲ್ಲದೆ ನರಳುತ್ತಿದ್ದಾರೆಂಬ ಸುದ್ದಿ ಟೈಮ್ಸ್ ಪತ್ರಿಕೆಯಲ್ಲಿ ಬಂದಾಗ ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು. ಸಚಿವ ಸಿಡ್ನಿ ಹರ್ಬರ್ಟ್ ಅವರ ಕೋರಿಕೆಯಂತೆ ಫ್ಲಾರೆನ್ಸ್ 38 ದಾದಿಯರೊಂದಿಗೆ ಹೊರಟು ನವೆಂಬರ್ ಆರಂಭದಲ್ಲಿ ಅಲ್ಲಿಗೆ ತಲುಪಿದರು.

ತಂಡದಲ್ಲಿ ಎಲ್ಲರೂ ನುರಿತವರಾಗಿರಲಿಲ್ಲ. ಕೆಲವರು ಆತ್ಮಶಾಂತಿಯ ಮಾತು ಬಲ್ಲವರು, ಆದರೆ ಗಾಯ ತೊಳೆಯಲು ತಿಳಿಯದವರು. ಕೆಲವರು ಕೆಲಸ ಬಲ್ಲವರು, ಆದರೆ ಶಿಸ್ತಿಲ್ಲದವರು. ಕುಡಿತದ ಕಾರಣಕ್ಕೆ ಕೆಲವರನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಒಳ್ಳೆಯ ನಡತೆ ಮತ್ತು ಒಳ್ಳೆಯ ಕೆಲಸ ಎರಡೂ ಒಬ್ಬಳಲ್ಲೇ ಇರಬೇಕಾದರೆ ಅದಕ್ಕೆ ತಯಾರಿ ಬೇಕೆಂಬ ಪಾಠವನ್ನು ಫ್ಲಾರೆನ್ಸ್ ಇಲ್ಲಿಯೇ ಕಲಿತರು.

ಸೇನಾ ವೈದ್ಯರು ಮೊದಲು ಈ ಮಹಿಳೆಯರನ್ನು ಹತ್ತಿರ ಸೇರಿಸಲಿಲ್ಲ. ಫ್ಲಾರೆನ್ಸ್ ಜಗಳಕ್ಕೆ ಹೋಗಲಿಲ್ಲ. ವೈದ್ಯರು ಕರೆಯುವವರೆಗೆ ಯಾರೂ ರೋಗಿಯನ್ನು ಮುಟ್ಟಬಾರದೆಂದು ತಮ್ಮವರಿಗೆ ಕಟ್ಟಪ್ಪಣೆ ಮಾಡಿದರು. ದಾದಿಯರು ಕುಳಿತು ದಿಂಬು, ಅಂಗಿ, ಪಟ್ಟಿಗಳನ್ನು ಹೊಲಿದರು. ಕೆಲವೇ ದಿನಗಳಲ್ಲಿ ಗಾಯಾಳುಗಳ ಪ್ರವಾಹವೇ ಹರಿದುಬಂದಾಗ ವೈದ್ಯರೇ ಸಹಾಯ ಕೇಳಿದರು. ಹಾಸಿಗೆಗಳ ಸಾಲು ಸುಮಾರು ನಾಲ್ಕು ಮೈಲಿ ಉದ್ದವಿತ್ತೆಂದು ಹೇಳುತ್ತಾರೆ. ರೋಗಿಗಳಿಗೆ ತಕ್ಕ ಆಹಾರದ ಅಡುಗೆಮನೆ, ಬಟ್ಟೆ ಒಗೆಯುವ ಏರ್ಪಾಡು, ನೆಲ ಉಜ್ಜುವ ಬ್ರಷ್‌ಗಳು, ಎಲ್ಲವನ್ನೂ ಆಕೆಯೇ ಹೊಂದಿಸಬೇಕಾಯಿತು. ರಾತ್ರಿ ಟರ್ಕಿಯ ಮಡಚುವ ಲಾಟೀನು ಹಿಡಿದು ಸಾಲಿನಿಂದ ಸಾಲಿಗೆ ನಡೆದರು. ಸುಲ್ತಾನ್ ಅಬ್ದುಲ್ ಮಜೀದ್ ಅವರು ಕೃತಜ್ಞತೆಯಿಂದ ವಜ್ರದ ಕಡಗವನ್ನು ಉಡುಗೊರೆಯಾಗಿ ನೀಡಿದರು.

ಅಂಕಿಗಳು ನುಡಿದ ಕಹಿ ಸತ್ಯ

ಆದರೆ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಯ ಸಾವಿನ ಪ್ರಮಾಣ ನೂರಕ್ಕೆ 42ರಷ್ಟಿತ್ತು. ಮಾರ್ಚ್‌ನಲ್ಲಿ ಸರಕಾರದ ನೈರ್ಮಲ್ಯ ಆಯೋಗ ಬಂದು ಕಟ್ಟಡದಡಿಯ ಕೊಳಚೆ ಕಾಲುವೆಗಳನ್ನು ತೊಳೆಸಿತು, ಸತ್ತ ಪ್ರಾಣಿಗಳನ್ನು ತೆಗೆಸಿತು, ಗೋಡೆಗಳಿಗೆ ಸುಣ್ಣ ಬಳಿಸಿತು, ಗಾಳಿಗೆ ದಾರಿ ಮಾಡಿಸಿತು. ಜೂನ್ ವೇಳೆಗೆ ಸಾವಿನ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

1856ರಲ್ಲಿ ಮೆರವಣಿಗೆ ಸನ್ಮಾನಗಳನ್ನು ತಪ್ಪಿಸಿಕೊಂಡು, ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣಿಸಿ ಫ್ಲಾರೆನ್ಸ್ ಮನೆಗೆ ಮರಳಿದರು. ದೇಶವೆಲ್ಲ ಆಕೆಯನ್ನು ಹೊಗಳುತ್ತಿತ್ತು. ಆಕೆ ಮಾತ್ರ ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರ ಜೊತೆ ಕುಳಿತು ಸತ್ತವರ ಲೆಕ್ಕ ತೆಗೆದರು. ಗುಂಡೇಟಿನಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಬಹಳ ಹೆಚ್ಚು. ಕೊರತೆಯಾದದ್ದು ಆಹಾರ, ಬಟ್ಟೆ, ಸಾಮಗ್ರಿಗಳು ಮಾತ್ರವಲ್ಲ, ಶುದ್ಧ ಗಾಳಿ ಮತ್ತು ಸ್ವಚ್ಛತೆ ಕೂಡ. ತನ್ನ ಕಣ್ಣೆದುರಲ್ಲೇ, ತನ್ನ ಆರೈಕೆಯಲ್ಲಿದ್ದಾಗಲೇ ಎಷ್ಟೋ ಯುವಕರು ತಡೆಯಬಹುದಾಗಿದ್ದ ರೋಗಕ್ಕೆ ಬಲಿಯಾದರೆಂಬ ಸತ್ಯವನ್ನು ಆಕೆ ಎದುರಿಸಬೇಕಾಯಿತು.

ಹೊಗಳಿಕೆಯ ಮಧ್ಯೆ ತನ್ನ ಕೆಲಸದ ಲೋಪವನ್ನು ಹುಡುಕುವವರು ವಿರಳ. ಫ್ಲಾರೆನ್ಸ್ ಆ ಅಂಕಿಗಳನ್ನು ಮುಚ್ಚಿಡಲಿಲ್ಲ. ಬಣ್ಣದ ನಕ್ಷೆಗಳಾಗಿ ಬಿಡಿಸಿ ಆಳುವವರ ಮುಂದಿಟ್ಟರು. 1858ರಲ್ಲಿ ಲಂಡನ್ನಿನ ಅಂಕಿಅಂಶ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡಿತು. ಭಾರತಕ್ಕೆ ಎಂದೂ ಬಾರದಿದ್ದರೂ ಇಲ್ಲಿನ ಸೇನಾ ನೆಲೆಗಳ ವರದಿಗಳನ್ನು ತರಿಸಿ ಓದಿದರು. ಇಲ್ಲಿ ಪ್ರತಿವರ್ಷ ಸಾವಿರಕ್ಕೆ 69 ಬ್ರಿಟಿಷ್ ಸೈನಿಕರು ಸಾಯುತ್ತಿದ್ದಾರೆಂಬುದು 1863ರ ರಾಜ ಆಯೋಗದ ವರದಿಯಿಂದ ಬೆಳಕಿಗೆ ಬಂತು. ಅದರ ಹಿಂದೆ ಆಕೆಯ ಅಪಾರ ಶ್ರಮವಿತ್ತು. ಯುದ್ಧಭೂಮಿಯಲ್ಲಿ ತಗಲಿದ ಜ್ವರದಿಂದ ಆರೋಗ್ಯ ಕೆಟ್ಟು, ಈ ಕೆಲಸದ ಹೆಚ್ಚಿನ ಭಾಗವನ್ನು ಹಾಸಿಗೆಯಲ್ಲಿದ್ದುಕೊಂಡೇ ಮಾಡಿದರು.

ದಾದಿಯರ ಶಾಲೆ

ಯುದ್ಧ ಕಾಲದಲ್ಲಿ ಜನರು ಆಕೆಯ ಗೌರವಾರ್ಥ ನಿಧಿಯೊಂದನ್ನು ಸಂಗ್ರಹಿಸಿದ್ದರು. ಸೈನಿಕರು ತಮ್ಮ ಒಂದು ದಿನದ ಸಂಬಳ ಕೊಟ್ಟಿದ್ದರು. ಸುಮಾರು 45,000 ಪೌಂಡುಗಳಷ್ಟಿದ್ದ ಆ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಅದೇ ಹೊತ್ತಿಗೆ ಶುಶ್ರೂಷೆಯ ಕುರಿತು ಆಕೆ ಬರೆದ ಪುಸ್ತಕ ಮನೆಮನೆಗೆ ತಲುಪಿತು.

ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರ ಉಚಿತ, ಜೊತೆಗೆ 10 ಪೌಂಡು ಭತ್ಯೆ. ಬಡವರ ಮಗಳು ಹಣವಿಲ್ಲದ ಕಾರಣಕ್ಕೆ ಹಿಂದುಳಿಯಬಾರದೆಂಬ ಕಾಳಜಿ ಇದರಲ್ಲಿತ್ತು. ಏನು ಕಲಿಸಬೇಕೆಂಬುದಕ್ಕೆ ಖಚಿತವಾದ ಪಟ್ಟಿಯಿತ್ತು. ಸುಟ್ಟಗಾಯ, ಹುಣ್ಣುಗಳಿಗೆ ಪಟ್ಟಿ ಕಟ್ಟುವುದು, ಎನಿಮಾ ಕೊಡುವುದು, ಏಳಲಾಗದ ರೋಗಿಯನ್ನು ಸರಿಸುವುದು, ಶುಚಿಗೊಳಿಸುವುದು, ಉಣಿಸುವುದು, ಬೆನ್ನುಹುಣ್ಣು ಆಗದಂತೆ ತಡೆಯುವುದು, ರೋಗಿ ಮಲಗಿರುವಾಗಲೇ ಹಾಸಿಗೆ ಬದಲಿಸುವುದು, ಗಂಜಿ ಬೇಯಿಸುವುದು, ಕೋಣೆಗೆ ಗಾಳಿ ಆಡುವಂತೆ ನೋಡಿಕೊಳ್ಳುವುದು. ಎಲ್ಲಕ್ಕಿಂತ ಮುಖ್ಯವಾದುದು ಗಮನಿಸುವ ವಿದ್ಯೆ. ನಾಡಿ, ಉಸಿರು, ಚರ್ಮ, ಹಸಿವು, ನಿದ್ದೆ, ಔಷಧಿ ಮತ್ತು ಆಹಾರದ ಪರಿಣಾಮ, ಇವೆಲ್ಲವನ್ನೂ ನೋಡಿ ವೈದ್ಯರಿಗೆ ಸರಿಯಾಗಿ ವರದಿ ಮಾಡುವುದು.

ಪ್ರತಿ ತಿಂಗಳೂ ಪ್ರತಿ ವಿದ್ಯಾರ್ಥಿನಿಯ ಬಗ್ಗೆ ಮುದ್ರಿತ ನಮೂನೆ ತುಂಬಬೇಕಿತ್ತು. ಒಂದೆಡೆ ಕೈಕೆಲಸ, ಇನ್ನೊಂದೆಡೆ ನಡತೆ: ಸಮಯಪಾಲನೆ, ಮೌನ, ವಿಶ್ವಾಸಾರ್ಹತೆ, ಶುಚಿತ್ವ. ಪ್ರತಿಯೊಂದಕ್ಕೂ ಉತ್ತಮದಿಂದ ಸೊನ್ನೆಯವರೆಗೆ ದರ್ಜೆ. ವಿದ್ಯೆಯಿದ್ದು ಪ್ರಾಮಾಣಿಕತೆ ಇಲ್ಲದವಳೂ, ಪ್ರಾಮಾಣಿಕತೆಯಿದ್ದು ವಿದ್ಯೆ ಇಲ್ಲದವಳೂ ರೋಗಿಯ ಪಾಲಿಗೆ ಅಪಾಯವೇ ಎಂಬುದು ಆ ನಮೂನೆಯ ತಾತ್ಪರ್ಯ.

ಶಾಲೆಯನ್ನೇ ತಿದ್ದಿದ ಗುರು

ಹನ್ನೆರಡು ವರ್ಷಗಳು ಕಳೆದವು. ಶಾಲೆಗೆ ಹೆಸರು ಬಂದಿತ್ತು. ಆದರೆ 1872ರ ಸುಮಾರಿಗೆ ಫ್ಲಾರೆನ್ಸ್ ತಾವೇ ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸಿದಾಗ ಒಳಗಿನ ಸ್ಥಿತಿ ಬಯಲಾಯಿತು. ಪಾಠ ಮಾಡಬೇಕಾಗಿದ್ದ ವೈದ್ಯಾಧಿಕಾರಿ ಪಾಠ ನಿಲ್ಲಿಸಿದ್ದರು. ಮೇಟ್ರನ್‌ಗೆ ಆಸ್ಪತ್ರೆಯ ಕೆಲಸದ ಹೊರೆಯಲ್ಲಿ ಕಲಿಸಲು ಬಿಡುವಿರಲಿಲ್ಲ. ಕಲಿಯಲು ಬಂದ ಹುಡುಗಿಯರು ಬರಿಯ ಕೆಲಸದಾಳುಗಳಾಗಿದ್ದರು.

ತನ್ನ ಹೆಸರಿನ ಶಾಲೆಯ ದೋಷವನ್ನು ಫ್ಲಾರೆನ್ಸ್ ಮರೆಮಾಚಲಿಲ್ಲ. ಪಾಠ ಹೇಳಲು ಶಸ್ತ್ರವೈದ್ಯ ಜಾನ್ ಕ್ರಾಫ್ಟ್ ನೇಮಕಗೊಂಡರು. ವಿದ್ಯಾರ್ಥಿನಿಯರ ಓದು ಮತ್ತು ನಡತೆಯ ಮೇಲ್ವಿಚಾರಣೆಗೆ ಪ್ರತ್ಯೇಕ ಸೋದರಿಯನ್ನು ಇರಿಸಲಾಯಿತು. ಆ ವರ್ಷದಿಂದ 1900ರವರೆಗೆ ಫ್ಲಾರೆನ್ಸ್ ಆಗಾಗ ದಾದಿಯರಿಗೆ ದೀರ್ಘ ಪತ್ರಗಳನ್ನು ಬರೆದರು. ತರಬೇತಿ ಮುಗಿಯಿತೆಂದು ಕಲಿಕೆ ಮುಗಿಯುವುದಿಲ್ಲ, ವರ್ಷದಿಂದ ವರ್ಷಕ್ಕೆ, ವಾರದಿಂದ ವಾರಕ್ಕೆ ಮುಂದೆ ಸಾಗದ ದಾದಿ ಹಿಂದಕ್ಕೆ ಜಾರುತ್ತಿದ್ದಾಳೆ ಎಂಬುದು ಮೊದಲ ಪತ್ರದ ಒಳತಿರುಳು.

ಅವರ ಶಾಲೆಯ ಬೆಳಕು ದೂರದೂರಕ್ಕೆ ಹರಡಿತು. ಆಗ್ನೆಸ್ ಜೋನ್ಸ್ 1865ರಲ್ಲಿ ಲಿವರ್‌ಪೂಲ್‌ನ ಬಡವರ ಆಸ್ಪತ್ರೆಗೆ ಹೋಗಿ, ಮೂರೇ ವರ್ಷಗಳಲ್ಲಿ ಅಲ್ಲಿನ ಟೈಫಸ್ ಜ್ವರಕ್ಕೆ ಪ್ರಾಣ ಕೊಟ್ಟರು. ಲೂಸಿ ಆಸ್‌ಬರ್ನ್ 1868ರಲ್ಲಿ ಐವರು ದಾದಿಯರೊಂದಿಗೆ ಸಿಡ್ನಿ ತಲುಪಿದರು. ಅಮೆರಿಕದಲ್ಲಿ ಆಗಲೇ ತರಬೇತಿ ಮುಗಿಸಿ ಹುದ್ದೆಯಲ್ಲಿದ್ದ ಲಿಂಡಾ ರಿಚರ್ಡ್ಸ್, ಇನ್ನಷ್ಟು ಕಲಿಯಲೆಂದು 1877ರಲ್ಲಿ ಲಂಡನ್ನಿಗೆ ಬಂದರು. ಮುಂದೆ ಅವರು ಜಪಾನಿನಲ್ಲೂ ದಾದಿಯರಿಗೆ ತರಬೇತಿ ನೀಡಿದರು.

ಫ್ಲಾರೆನ್ಸ್ ಅವರ ಎಲ್ಲ ಅಭಿಪ್ರಾಯಗಳೂ ಕಾಲದ ಪರೀಕ್ಷೆಯಲ್ಲಿ ಗೆದ್ದವೆಂದಲ್ಲ. ದಾದಿಯರಿಗೆ ಪರೀಕ್ಷೆ ನಡೆಸಿ ಸರಕಾರ ನೋಂದಣಿ ಮಾಡುವುದನ್ನು ಅವರು ವಿರೋಧಿಸಿದರು. ನಡತೆಯನ್ನು ಪರೀಕ್ಷೆಯಿಂದ ಅಳೆಯಲಾಗದೆಂಬುದು ಅವರ ವಾದ. ಆದರೆ ಅವರ ಮರಣಾನಂತರ 1919ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿ ಕಾನೂನಾಯಿತು. ಇಂದು ಎಲ್ಲೆಡೆ ಅದೇ ಪದ್ಧತಿಯಿದೆ. ಆದರೂ ಅವರು ಎತ್ತಿದ ಪ್ರಶ್ನೆ ಉಳಿದೇ ಇದೆ. ಪ್ರಮಾಣಪತ್ರ ಕೈಕೆಲಸಕ್ಕೆ ಸಾಕ್ಷಿ ಹೇಳಬಲ್ಲದು, ನಡುರಾತ್ರಿ ಯಾರೂ ನೋಡದಿರುವಾಗ ಆ ದಾದಿ ರೋಗಿಯ ಬಳಿಗೆ ಹೋಗುತ್ತಾಳೆಯೇ ಎಂಬುದಕ್ಕೆ ಸಾಕ್ಷಿ ಹೇಳುವವರು ಯಾರು?

ಕೊನೆಯ ದಿನಗಳು

1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆ ಅವರಾದರು. ಅಷ್ಟರಲ್ಲಿ ಕಣ್ಣು ಮಂಜಾಗಿತ್ತು, ನೆನಪೂ ಮಾಸುತ್ತಿತ್ತು. 1910ರ ಆಗಸ್ಟ್ 13ರಂದು, ತಮ್ಮ 90ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು. ರಾಜಮಹಾರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಸರಕಾರದ ಇಚ್ಛೆಯನ್ನು ಮನೆಯವರು ಒಪ್ಪಲಿಲ್ಲ. ಹ್ಯಾಂಪ್‌ಶೈರ್‌ನ ಈಸ್ಟ್ ವೆಲ್ಲೋ ಹಳ್ಳಿಯಲ್ಲಿ ಹೆತ್ತವರ ಬಳಿಯೇ ಮಣ್ಣು ಮಾಡಲಾಯಿತು. ಕಲ್ಲಿನ ಮೇಲೆ ಅವರ ಪೂರ್ಣ ಹೆಸರೂ ಇಲ್ಲ. ಎರಡು ಮೊದಲಕ್ಷರಗಳು ಮತ್ತು ಹುಟ್ಟು ಸಾವಿನ ದಿನಾಂಕಗಳಷ್ಟೇ. ಅವರು ಹುಟ್ಟಿದ ಮೇ 12 ಇಂದು ಅಂತಾರಾಷ್ಟ್ರೀಯ ದಾದಿಯರ ದಿನ.

ಇಂದು ನಮ್ಮ ಕುಟುಂಬಗಳ ಹೆಣ್ಣುಮಕ್ಕಳೂ ಈ ವೃತ್ತಿಗೆ ಬರುತ್ತಿದ್ದಾರೆ. ಹಿಂಜರಿಯುವ ಹೆತ್ತವರೂ ಇದ್ದಾರೆ. ಅವರು ಫ್ಲಾರೆನ್ಸ್ ಅವರ ತಾಯಿಯ ಆತಂಕವನ್ನೂ, ಆ ಮಗಳ ಸಹನೆಯನ್ನೂ ಒಟ್ಟಿಗೆ ನೆನೆಯಲಿ. ಈಗಾಗಲೇ ವಾರ್ಡ್‌ಗಳಲ್ಲಿ ದುಡಿಯುತ್ತಿರುವ ಸಹೋದರಿಯರಿಗೂ ಈ ಬದುಕಿನಲ್ಲಿ ಪಾಠವಿದೆ. ವರ್ಷಗಳ ಅನುಭವವಿದೆ, ಇನ್ನೇನು ತರಬೇತಿ ಎಂದು ಉದಾಸೀನ ತೋರುವ ಮೊದಲು ಸಲೀಮಿಯ ಬ್ಯಾರಕ್‌ನ ಆ ಚಳಿಗಾಲವನ್ನು ಸ್ಮರಿಸಲಿ. ಅಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ದುಡಿಮೆಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಅರಿವಿಗೆ. ರೋಗಿ ತನ್ನ ಪ್ರಾಣವನ್ನೇ ನಮ್ಮ ಕೈಗೆ ಒಪ್ಪಿಸಿ ಮಲಗಿದ್ದಾನೆ. ಆ ಅಮಾನತ್ತಿಗೆ ದ್ರೋಹವಾಗದಂತೆ ಕೈಯನ್ನು ದಿನೇ ದಿನೇ ಪಳಗಿಸಿಕೊಳ್ಳುವುದೂ ಸೇವೆಯೇ.