ಕೆಟಲ್ ಮುಚ್ಚಳ ಕುಣಿದದ್ದಕ್ಕೆ ಉಗಿಯಂತ್ರ ಹುಟ್ಟಿತೇ? ಜೇಮ್ಸ್ ವ್ಯಾಟ್ ಬದುಕಿನ ಅಸಲಿ ಕಥೆ

ಒಲೆಯ ಮೇಲೆ ಕುದಿಯುವ ಕೆಟಲ್, ಹಬೆಗೆ ಟಪಟಪ ಕುಣಿಯುವ ಮುಚ್ಚಳ, ಅದನ್ನೇ ದಿಟ್ಟಿಸುತ್ತಾ ಕೂತ ಪುಟ್ಟ ಹುಡುಗ. ಆ ಹುಡುಗನೇ ಜೇಮ್ಸ್ ವ್ಯಾಟ್, ಆ ಕ್ಷಣದಲ್ಲೇ ಅವನಿಗೆ ಉಗಿಯಂತ್ರ ಹೊಳೆಯಿತು ಎನ್ನುವ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮಲ್ಲಿ ಅನೇಕರು ಶಾಲೆಯಲ್ಲೂ ಈ ಕಥೆ ಕೇಳಿದ್ದೇವೆ.

ಕಥೆ ಮುದ್ದಾಗಿದೆ. ಆದರೆ ಇತಿಹಾಸದ ಲೆಕ್ಕದಲ್ಲೂ ತಪ್ಪು, ವಿಜ್ಞಾನದ ಲೆಕ್ಕದಲ್ಲೂ ತಪ್ಪು. ವ್ಯಾಟ್ ಬದುಕನ್ನು ಬದಲಿಸಿದ್ದು ಅಡುಗೆಮನೆಯ ಕೆಟಲ್ ಅಲ್ಲ, ಮೇಜಿನ ಮೇಲಿಡುವಷ್ಟು ಚಿಕ್ಕದಾದ, ಸರಿಯಾಗಿ ಓಡದ ಒಂದು ಮಾದರಿ ಯಂತ್ರ.

ಹುಟ್ಟುವ ಮೊದಲೇ ಓಡುತ್ತಿದ್ದ ಯಂತ್ರ

ಮೊದಲು ತಾರೀಖು ನೋಡೋಣ. ವ್ಯಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರು ಊರಿನಲ್ಲಿ. ಅದಕ್ಕೂ 24 ವರ್ಷ ಮೊದಲೇ, 1712ರಲ್ಲಿ, ಇಂಗ್ಲೆಂಡಿನ ಥಾಮಸ್ ನ್ಯೂಕಾಮೆನ್ ಎಂಬಾತ ಕಲ್ಲಿದ್ದಲು ಗಣಿಯ ನೀರೆತ್ತಲು ಉಗಿಯಂತ್ರ ಕೂರಿಸಿ ಓಡಿಸಿದ್ದ. ಅಂದರೆ ವ್ಯಾಟ್ ತೊಟ್ಟಿಲಲ್ಲಿದ್ದಾಗಲೇ ಉಗಿಯಂತ್ರಗಳು ಗಣಿಗಳಲ್ಲಿ ಕೆಲಸ ಮಾಡುತ್ತಿದ್ದವು.

ಇನ್ನು ವಿಜ್ಞಾನ. ನ್ಯೂಕಾಮೆನ್ ಯಂತ್ರದಲ್ಲಿ ಹಬೆ ಪಿಸ್ಟನ್ನನ್ನು ತಳ್ಳುವುದೇ ಇಲ್ಲ! ಸಿಲಿಂಡರಿನೊಳಗೆ ಹಬೆ ತುಂಬುತ್ತಾರೆ, ಅದರ ಮೇಲೆ ತಣ್ಣೀರು ಚಿಮ್ಮಿಸುತ್ತಾರೆ. ಹಬೆ ತಣಿದು ನೀರಾಗುತ್ತದೆ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ತಣಿದರೆ ಅಷ್ಟೇ ಕುಗ್ಗುತ್ತದೆ. ಹಾಗಾಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡವೇ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತದೆ. ಮುಚ್ಚಳ ಎತ್ತುವ ಹಬೆಗೂ ಈ ಯಂತ್ರಕ್ಕೂ ಸಂಬಂಧ ಕಡಿಮೆ.

ಹಾಗಾದರೆ ಕೆಟಲ್ ಕಥೆ ಬಂದದ್ದೆಲ್ಲಿಂದ? ಘಟನೆ ನಡೆದು ದಶಕಗಳಾದ ಮೇಲೆ ಸಂಬಂಧಿಯೊಬ್ಬರು ನೆನಪಿನಿಂದ ಹೇಳಿದ್ದು. ಅವರು ಹೇಳಿದ್ದರಲ್ಲಿ ಹುಡುಗ ಹಬೆಗೆ ಬಟ್ಟಲು ಹಿಡಿದು, ಅದು ತಣಿದು ಹನಿಯಾಗುವುದನ್ನು ನೋಡುತ್ತಿದ್ದ. ಮುಂದೆ ಚಿತ್ರಕಾರರ ಕೈಯಲ್ಲಿ ಹನಿಗಳಿಗಿಂತ ಮುಚ್ಚಳವೇ ಮುಖ್ಯವಾಯಿತು.

ರೋಗಿಷ್ಠ ಹುಡುಗ, ಚುರುಕು ಕೈ

ಬಾಲ್ಯದಲ್ಲಿ ವ್ಯಾಟ್‌ಗೆ ಆರೋಗ್ಯ ಸರಿಯಿರಲಿಲ್ಲ. ತೀವ್ರ ತಲೆನೋವು ಜೀವನವಿಡೀ ಕಾಡಿತು. ಮೊದಲ ಪಾಠಗಳೆಲ್ಲ ತಾಯಿಯಿಂದ, ಮನೆಯಲ್ಲೇ. ತಂದೆ ಹಡಗಿನ ಕೆಲಸ ಬಲ್ಲವರು, ವ್ಯಾಪಾರಿ ಕೂಡ. ಅವರ ವ್ಯಾಪಾರ ನಿಂತಿದ್ದು ವಸಾಹತುಗಳ ಸರಕಿನ ಮೇಲೆ. ಆ ಸರಕಿನ ಹಿಂದೆ ಗುಲಾಮರ ದುಡಿಮೆಯಿತ್ತು ಎಂಬುದನ್ನೂ ಮರೆಯಬಾರದು. ತಂದೆಯ ಕಾರ್ಯಾಗಾರದಲ್ಲಿ ಹುಡುಗನಿಗೆ ಅವನದೇ ಉಪಕರಣಗಳು ಸಿಕ್ಕವು, ಪುಟ್ಟ ಪುಟ್ಟ ಮಾದರಿಗಳನ್ನು ಮಾಡುವ ಗೀಳು ಅಲ್ಲಿಂದಲೇ ಹತ್ತಿತು.

1755ರಲ್ಲಿ ಲಂಡನ್ನಿಗೆ ಹೋಗಿ, ಅಳತೆ ಉಪಕರಣ ತಯಾರಿಸುವ ಕಸುಬನ್ನು ಒಂದು ವರ್ಷ ಕಲಿತ. ಗ್ಲಾಸ್ಗೋಗೆ ಮರಳಿದ ಮೇಲೆ ಅಲ್ಲಿನ ವಿಶ್ವವಿದ್ಯಾಲಯ 1757ರಲ್ಲಿ ತನ್ನ ಆವರಣದೊಳಗೇ ಒಂದು ಕೋಣೆ ಕೊಟ್ಟಿತು. ಪದವಿಯಿಲ್ಲದ ಈ ಯುವಕ ಅಲ್ಲಿ ಪ್ರಾಧ್ಯಾಪಕರ ಉಪಕರಣಗಳನ್ನು ರಿಪೇರಿ ಮಾಡುತ್ತಾ ಕೂತ.

ಓಡದ ಮಾದರಿ ಕಲಿಸಿದ ಪಾಠ

1763ರ ಚಳಿಗಾಲದಲ್ಲಿ ಅವನ ಮೇಜಿಗೆ ಬಂದದ್ದು ನ್ಯೂಕಾಮೆನ್ ಯಂತ್ರದ ಪುಟ್ಟ ಮಾದರಿ. ವಿದ್ಯಾರ್ಥಿಗಳಿಗೆ ತೋರಿಸಲು ಇಟ್ಟಿದ್ದು. ಸಿಲಿಂಡರಿನ ಅಗಲ 2 ಅಂಗುಲ, ಪಿಸ್ಟನ್ ಓಡಾಟ 6 ಅಂಗುಲ. ವ್ಯಾಟ್ ಅದನ್ನು ಸರಿಪಡಿಸಿದ. ಆದರೂ ಅದು ನಾಲ್ಕಾರು ಸಲ ಏರಿಳಿದು ನಿಂತುಬಿಡುತ್ತಿತ್ತು, ಬಾಯ್ಲರಿನ ಹಬೆಯೇ ಸಾಲುತ್ತಿರಲಿಲ್ಲ. ದೊಡ್ಡ ಯಂತ್ರ ಓಡುತ್ತದೆ, ಅದರ ಪಡಿಯಚ್ಚಿನಂಥ ಚಿಕ್ಕದು ಯಾಕೆ ಓಡುವುದಿಲ್ಲ?

ಇಲ್ಲಿದೆ ನೋಡಿ ಅಸಲಿ ವಿಜ್ಞಾನ. ಯಾವುದೇ ವಸ್ತುವಿನ ಉದ್ದ, ಅಗಲ, ಎತ್ತರ ಮೂರನ್ನೂ ಅರ್ಧ ಮಾಡಿ. ಒಳಗೆ ಹಿಡಿಯುವ ಗಾತ್ರ 8ನೇ ಒಂದು ಪಾಲಾಗುತ್ತದೆ, ಹೊರ ಮೇಲ್ಮೈ ಮಾತ್ರ 4ನೇ ಒಂದು ಪಾಲಿಗೆ ನಿಲ್ಲುತ್ತದೆ. ಅಂದರೆ ಒಳಗಿನ ಹಬೆಯ ಲೆಕ್ಕಕ್ಕೆ ಹೋಲಿಸಿದರೆ ಶಾಖ ಸೋರುವ ಮೇಲ್ಮೈ ದುಪ್ಪಟ್ಟಾಯಿತು. ಹಂಡೆಯ ನೀರು ತುಂಬ ಹೊತ್ತು ಬಿಸಿ ಇರುತ್ತದೆ, ಲೋಟದ ಕಾಫಿ ಬೇಗ ಆರುತ್ತದಲ್ಲವೇ? ಕಾರಣ ಇದೇ.

ಇಂದಿಗೂ ಮನೆಯ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡು ಹಳೆಯ ಉಗಿ ಟ್ರಾಕ್ಟರಿನ ಪುಟ್ಟ ಮಾದರಿ ಕಟ್ಟುವ ಹವ್ಯಾಸಿಗಳಿಗೆ ಎದುರಾಗುವುದು ಇದೇ ತೊಡಕು. ನಕ್ಷೆಯನ್ನು 6ನೇ ಒಂದು ಪಾಲಿಗೆ ಇಳಿಸಬಹುದು. ಆದರೆ ನೀರು, ಹಬೆ, ಶಾಖದ ಗುಣಗಳನ್ನು ಹಾಗೆ ಇಳಿಸಲು ಬರುವುದಿಲ್ಲ. ಅದಕ್ಕೇ ಅವರು ಬಾಯ್ಲರಿಗೂ ಸಿಲಿಂಡರಿಗೂ ಶಾಖ ಸೋರದಂತೆ ಹೊದಿಕೆ ಹಾಕುತ್ತಾರೆ.

ವ್ಯಾಟ್ ಇಷ್ಟಕ್ಕೇ ನಿಲ್ಲಲಿಲ್ಲ, ಅಳೆಯತೊಡಗಿದ. ಸಿಲಿಂಡರ್ ತುಂಬಲು ಬೇಕಾದದ್ದಕ್ಕಿಂತ ಹಲವು ಪಟ್ಟು ಹಬೆ ಪ್ರತಿ ಸಲವೂ ಪೋಲಾಗುತ್ತಿರುವುದು ಗೊತ್ತಾಯಿತು. ತಣ್ಣೀರು ಬಿದ್ದು ಸಿಲಿಂಡರೇ ತಣ್ಣಗಾಗುತ್ತಿತ್ತು, ಮುಂದಿನ ಹಬೆಯ ಬಹುಪಾಲು ಅದನ್ನು ಮತ್ತೆ ಬಿಸಿ ಮಾಡುವುದರಲ್ಲೇ ಖರ್ಚಾಗುತ್ತಿತ್ತು. ಸ್ವಲ್ಪವೇ ಹಬೆ ತನ್ನ ತೂಕದ ಸುಮಾರು 6 ಪಟ್ಟು ತಣ್ಣೀರನ್ನು ಕುದಿಬಿಂದುವಿಗೆ ಏರಿಸುವುದೂ ಅವನಿಗೆ ಸೋಜಿಗವಾಯಿತು. ಅದೇ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಇದಕ್ಕೆ ಉತ್ತರ ಕೊಟ್ಟರು. ಅದೇ ಇಂದು ನಾವು ಓದುವ ಗುಪ್ತೋಷ್ಣ. ಹಬೆ ಸುಟ್ಟರೆ ಕುದಿನೀರಿಗಿಂತ ಹೆಚ್ಚು ಗಾಯವಾಗುವುದೂ ಈ ಗುಪ್ತೋಷ್ಣದಿಂದಲೇ.

ಪರಿಹಾರ ಹೊಳೆದದ್ದು 1765ರ ಮೇ ತಿಂಗಳ ಒಂದು ಭಾನುವಾರ, ಗ್ಲಾಸ್ಗೋ ಗ್ರೀನ್ ಬಯಲಿನಲ್ಲಿ ನಡೆದುಹೋಗುವಾಗ. ಹಬೆಯನ್ನು ಸಿಲಿಂಡರಿನಲ್ಲೇ ಯಾಕೆ ತಣಿಸಬೇಕು? ಪಕ್ಕದಲ್ಲಿ ಬೇರೊಂದು ತಣ್ಣನೆಯ ಪಾತ್ರೆಗೆ ಎಳೆದು ಅಲ್ಲಿ ತಣಿಸಿದರಾಯಿತು. ಸಿಲಿಂಡರ್ ಸದಾ ಬಿಸಿಯಾಗಿಯೇ ಇರುತ್ತದೆ. ಇದೇ ಪ್ರತ್ಯೇಕ ಕಂಡೆನ್ಸರ್. ಇದನ್ನು ಪರೀಕ್ಷಿಸಲು ಕಟ್ಟಿದ ಮಾದರಿಗೆ ಸಿಲಿಂಡರ್ ಆದದ್ದು ವೈದ್ಯರು ಬಳಸುತ್ತಿದ್ದ ಹಿತ್ತಾಳೆಯ ದೊಡ್ಡ ಸಿರಿಂಜ್.

ಒಂದು ಹೊಳಹು, 11 ವರ್ಷದ ಪಾಡು

ಫಾರ್ವರ್ಡ್‌ಗಳು ಹೇಳದೇ ಬಿಡುವ ಭಾಗ ಇದು. ಉಪಾಯ ಹೊಳೆದದ್ದು 1765ರಲ್ಲಿ, ದೊಡ್ಡ ಯಂತ್ರಗಳು ಕೆಲಸಕ್ಕೆ ನಿಂತದ್ದು 1776ರಲ್ಲಿ. ನಡುವೆ ಸಾಲ, ಸೋಲು, ಸಾವು ಎಲ್ಲವೂ ಬಂದವು.

ಹಣ ಹಾಕಿದ ಜಾನ್ ರೋಬಕ್ ದಿವಾಳಿಯಾದರು. 1769ರಲ್ಲಿ ಪೇಟೆಂಟ್ ಸಿಕ್ಕಿದರೂ ಹಬೆ ಸೋರದಷ್ಟು ನಯವಾದ ಸಿಲಿಂಡರ್ ಕೊರೆಯುವವರೇ ಇರಲಿಲ್ಲ. ಸಂಸಾರ ನಡೆಸಲು ವ್ಯಾಟ್ ಕಾಲುವೆಗಳ ಸರ್ವೆ ಕೆಲಸಕ್ಕೆ ಇಳಿದ. 1773ರಲ್ಲಿ ಹೆಂಡತಿ ಮಾರ್ಗರೆಟ್ ತೀರಿಕೊಂಡರು.

ಮರುವರ್ಷ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಉದ್ಯಮಿ ಮ್ಯಾಥ್ಯೂ ಬೋಲ್ಟನ್ ಜೊತೆ ಸೇರಿದ ಮೇಲೆ ದಾರಿ ತೆರೆಯಿತು. ಜಾನ್ ವಿಲ್ಕಿನ್ಸನ್ ಫಿರಂಗಿ ಕೊರೆಯಲು ಮಾಡಿದ್ದ ವಿಧಾನ ಸಿಲಿಂಡರಿಗೂ ಒದಗಿತು. ಯಂತ್ರ ಹಾಕಿಸಿಕೊಂಡ ಗಣಿಯವರಿಂದ ಇವರು ಕೇಳಿದ್ದು, ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು. ಮುಂದೆ ಚಕ್ರ ತಿರುಗಿಸುವ ಯಂತ್ರವೂ ಬಂತು, ಅದು ಗಿರಣಿಗಳನ್ನು ಸೇರಿತು.

ನಿಮ್ಮ ಟ್ರಾಕ್ಟರಿನ ಎಚ್‌ಪಿ ಎಲ್ಲಿಂದ ಬಂತು?

ಗಿರಣಿ ಮಾಲೀಕರಿಗೆ ಗೊತ್ತಿದ್ದದ್ದು ಕುದುರೆಯ ಲೆಕ್ಕ. ನಿಮ್ಮ ಯಂತ್ರ ಎಷ್ಟು ಕುದುರೆಗೆ ಸಮ ಎಂದು ಕೇಳುತ್ತಿದ್ದರು. ವ್ಯಾಟ್ ಒಂದು ಅಳತೆ ನಿಗದಿ ಮಾಡಿದ: 33,000 ಪೌಂಡ್ ತೂಕವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತಿದರೆ ಅದು 1 ಅಶ್ವಶಕ್ತಿ. ಟ್ರಾಕ್ಟರ್ ಮತ್ತು ಪಂಪ್‌ಸೆಟ್ ಮೇಲೆ ಬರೆದಿರುವ ಎಚ್‌ಪಿ ಅದರದೇ ವಂಶ. ನಿಜವಾದ ಕುದುರೆ ಸ್ವಲ್ಪ ಹೊತ್ತಿಗೆ ಇದರ ಹಲವು ಪಟ್ಟು ಶಕ್ತಿ ತೋರಬಲ್ಲದು, ಆದರೆ ದಿನವಿಡೀ ಹಾಗೆ ದುಡಿಯಲಾರದು. ಹಾಗಾಗಿ 1 ಎಚ್‌ಪಿ ಎಂದರೆ ಒಂದು ಕುದುರೆಯ ಗರಿಷ್ಠ ಶಕ್ತಿ ಎಂದುಕೊಳ್ಳಬೇಡಿ.

ಬಲ್ಬಿನ ಮೇಲಿರುವ ವ್ಯಾಟ್ ಅಳತೆಗೆ ಅವನ ಹೆಸರು ಬಂದದ್ದು ಅವನು ಸತ್ತು ದಶಕಗಳಾದ ಮೇಲೆ. ವ್ಯಾಟ್ ಕರೆಂಟಿಗೆ ಸಂಬಂಧಿಸಿ ಏನನ್ನೂ ಕಂಡುಹಿಡಿದವನಲ್ಲ. 1 ಎಚ್‌ಪಿ ಎಂದರೆ ಸುಮಾರು 746 ವ್ಯಾಟ್. 1,000 ವ್ಯಾಟ್ ಒಂದು ಗಂಟೆ ಉರಿದರೆ ನಿಮ್ಮ ಬಿಲ್ಲಿನಲ್ಲಿ 1 ಯೂನಿಟ್.

ಉಗಿಗಾಡಿಗೆ ಅಡ್ಡಗಾಲು

ವ್ಯಾಟ್‌ನನ್ನು ದೇವರು ಮಾಡುವುದೂ ಬೇಡ. ಅವನ ಕಂಪನಿಯಲ್ಲೇ ಇದ್ದ ವಿಲಿಯಂ ಮರ್ಡಾಕ್, ಕಾರ್ನ್‌ವಾಲಿನ ರೆಡ್ರೂತ್ ಊರಿನಲ್ಲಿ ಕೆಲಸ ಮುಗಿಸಿ ಬಂದು 1784ರ ಹೊತ್ತಿಗೆ 3 ಚಕ್ರದ ಪುಟ್ಟ ಉಗಿಗಾಡಿ ಕಟ್ಟಿದ. ಕೆಳಗೊಂದು ಸ್ಪಿರಿಟ್ ದೀಪ, ಮೇಲೆ ಚಿಕ್ಕ ಬಾಯ್ಲರ್. ಅದು ತನ್ನಷ್ಟಕ್ಕೇ ಓಡಿತು! ಮುಂದೆ ಹೊಲ ಉತ್ತ, ಸರಕು ಎಳೆದ ಉಗಿ ಟ್ರಾಕ್ಟರುಗಳ ಅಜ್ಜನಂಥ ಗಾಡಿ ಅದು. ಆದರೆ ವ್ಯಾಟ್ ಮತ್ತು ಬೋಲ್ಟನ್ ಅವನಿಗೆ ಪ್ರೋತ್ಸಾಹ ಕೊಡಲಿಲ್ಲ, ಗಣಿಯ ಯಂತ್ರಗಳ ಕೆಲಸ ನೋಡಿಕೋ ಎಂಬುದೇ ಅವರ ನಿಲುವಾಗಿತ್ತು. ವ್ಯಾಟ್ ತನ್ನ ಪೇಟೆಂಟಿನಲ್ಲಿ ಉಗಿಗಾಡಿಯನ್ನೂ ಸೇರಿಸಿಕೊಂಡ, ಕಟ್ಟಲು ಮಾತ್ರ ಹೋಗಲಿಲ್ಲ. ಪೇಟೆಂಟ್ 1800ರವರೆಗೆ ನಡೆಯಿತು. ಅಲ್ಲಿಯವರೆಗೆ ಬೇರೆಯವರ ಮೇಲೆ ಕೋರ್ಟು ಕೇಸುಗಳೂ ನಡೆದವು. 1801ರಲ್ಲಿ ರಿಚರ್ಡ್ ಟ್ರೆವಿತಿಕ್ ಜನರನ್ನು ಹೊತ್ತ ಉಗಿಗಾಡಿಯನ್ನು ರಸ್ತೆಯಲ್ಲಿ ಓಡಿಸಿದ.

ವ್ಯಾಟ್ ಹೆದರಿದ್ದು ಹೆಚ್ಚು ಒತ್ತಡದ ಹಬೆಗೆ. ಆ ಹೆದರಿಕೆ ಪೂರ್ತಿ ಸುಳ್ಳಾಗಿರಲಿಲ್ಲ. 1803ರಲ್ಲಿ ಗ್ರಿನಿಚ್‌ನಲ್ಲಿ ಟ್ರೆವಿತಿಕ್‌ನ ಬಾಯ್ಲರೊಂದು ಸಿಡಿದು 4 ಮಂದಿ ಸತ್ತರು. ಆ ಮೇಲೆ ಆತ ಎರಡು ಸೇಫ್ಟಿ ವಾಲ್ವ್ ಇಡತೊಡಗಿದ, ನೀರು ಕಡಿಮೆಯಾದರೆ ಕರಗಿ ಹಬೆ ಬಿಡುವ ಸೀಸದ ಬಿರಡೆಯನ್ನೂ ಸೇರಿಸಿದ. ಪರಿಹಾರ ಇದ್ದದ್ದು ಎಚ್ಚರಿಕೆಯಲ್ಲಿ, ನಿಷೇಧದಲ್ಲಲ್ಲ.

ನಾವೂ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕುಕ್ಕರಿಗೆ ಪೈಪ್ ಸಿಕ್ಕಿಸಿ, ಡಬ್ಬ ಬೆಸೆದು ಮನೆಯಲ್ಲೇ ಉಗಿಯಂತ್ರ ಮಾಡಿ ಎನ್ನುವ ವಿಡಿಯೊ ನೋಡಿ ಕೈಹಾಕಬೇಡಿ. ಅನುಭವಿ ಮಾದರಿಕಾರರು ಹೊಸ ಬಾಯ್ಲರನ್ನು ಒಲೆಗೆ ಇಡುವ ಮೊದಲು ಅದರ ತುಂಬ ತಣ್ಣೀರು ತುಂಬಿ, ಓಡುವಾಗ ಇರುವುದರ ದುಪ್ಪಟ್ಟು ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಹಾಗಾಗಿ ಲೋಹ ಬಿರಿದರೂ ನೀರು ಚಿಮ್ಮಿ ನಿಲ್ಲುತ್ತದೆ. ಹಬೆ ತುಂಬಿದ ಪಾತ್ರೆ ಬಿರಿದರೆ ಅದು ಬಾಂಬು.

ಕ್ಷಯಕ್ಕೆ ಗಾಳಿಯ ಮದ್ದು

1794ರಲ್ಲಿ ವ್ಯಾಟ್‌ನ ಮಗಳು ಜೆಸ್ಸಿ ಕ್ಷಯರೋಗದಿಂದ ತೀರಿಕೊಂಡಳು. ದುಃಖದಲ್ಲಿದ್ದ ತಂದೆ ವೈದ್ಯ ಥಾಮಸ್ ಬೆಡ್ಡೋಸ್ ಜೊತೆ ಸೇರಿ, ಬಗೆಬಗೆಯ ಅನಿಲ ತಯಾರಿಸಿ ರೋಗಿಗಳಿಗೆ ಉಸಿರಾಡಿಸುವ ಉಪಕರಣ ಮಾಡಿದ. ಅದರಿಂದ ಕ್ಷಯ ವಾಸಿಯಾಗಲಿಲ್ಲ. ಕ್ಷಯಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ರಾಬರ್ಟ್ ಕಾಕ್ ತೋರಿಸಿದ್ದು 1882ರಲ್ಲಿ. 1804ರಲ್ಲಿ ಮಗ ಗ್ರೆಗರಿಯನ್ನೂ ಅದೇ ರೋಗ ಒಯ್ದಿತು.

ಇದನ್ನು ಯಾಕೆ ಹೇಳುತ್ತಿದ್ದೇವೆ ಗೊತ್ತೇ? ದೊಡ್ಡ ಹೆಸರಿನವರು ನಂಬಿದ್ದರು ಎಂದ ಮಾತ್ರಕ್ಕೆ ಮದ್ದು ಕೆಲಸ ಮಾಡುವುದಿಲ್ಲ. ಇಂದು ಕ್ಷಯ ಗುಣವಾಗುವ ಕಾಯಿಲೆ. ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ತಿಂಗಳು ನಿಲ್ಲಿಸದೆ ನುಂಗಬೇಕು.

ಅಟ್ಟದ ಮೇಲಿನ ಕಾರ್ಯಾಗಾರ

1800ರಲ್ಲಿ ವ್ಯಾಪಾರದಿಂದ ನಿವೃತ್ತನಾದ ವ್ಯಾಟ್ ಬರ್ಮಿಂಗ್‌ಹ್ಯಾಮ್ ಬಳಿಯ ಹೀತ್‌ಫೀಲ್ಡ್ ಮನೆಯ ಅಟ್ಟದಲ್ಲಿ ತನಗಾಗಿ ಒಂದು ಕಾರ್ಯಾಗಾರ ಮಾಡಿಕೊಂಡ. ಅಲ್ಲಿ ಶಿಲ್ಪಗಳ ಪ್ರತಿ ಕೆತ್ತುವ ಯಂತ್ರಗಳನ್ನು ಕಟ್ಟುತ್ತಾ, ಕಾಲಿನಿಂದ ತುಳಿಯುವ ಲೇತ್ ತಿರುಗಿಸುತ್ತಾ ಕೊನೆಯ ದಿನಗಳನ್ನು ಕಳೆದ. ಅದೇ ಕೋಣೆಯಲ್ಲಿ ಗ್ರೆಗರಿಯ ಶಾಲಾ ಪುಸ್ತಕಗಳ ಪೆಟ್ಟಿಗೆಯೂ ಇತ್ತು. 1819ರ ಆಗಸ್ಟ್ 25ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡ. ಕೋಣೆ ಬಹುಪಾಲು ಹಾಗೆಯೇ ಉಳಿಯಿತು. 1924ರಲ್ಲಿ ಅದನ್ನು ಸಾಮಾನುಗಳ ಸಮೇತ ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಸಾಗಿಸಿದರು. ಈಗಲೂ ಅಲ್ಲಿ ನೋಡಬಹುದು.

ಒಟ್ಟಿನಲ್ಲಿ ಏನು ನಿಜ, ಏನು ಸುಳ್ಳು?

ಉಗಿಯಂತ್ರವನ್ನು ಮೊದಲು ಮಾಡಿದವನು ವ್ಯಾಟ್: ಸುಳ್ಳು. ಇದ್ದ ಯಂತ್ರದ ಹಬೆ ಪೋಲಾಗದಂತೆ ಮಾಡಿದ.

ಕೆಟಲ್ ಮುಚ್ಚಳ ನೋಡಿ ಹೊಳೆಯಿತು: ಆಧಾರವಿಲ್ಲ. ಮಾದರಿ ಯಂತ್ರದ ರಿಪೇರಿಯಿಂದ ಶುರುವಾಯಿತು.

ಎಚ್‌ಪಿ ಲೆಕ್ಕ ನಿಗದಿ ಮಾಡಿದ್ದು ವ್ಯಾಟ್: ನಿಜ.

ಒಂದೇ ಕ್ಷಣದಲ್ಲಿ ಎಲ್ಲ ಆಯಿತು: ಸುಳ್ಳು. ಹೊಳಹಿನಿಂದ ಓಡುವ ಯಂತ್ರದವರೆಗೆ 11 ವರ್ಷ ಹಿಡಿಯಿತು.

ಮಕ್ಕಳಿಗೆ ಕೆಟಲ್ ಕಥೆ ಹೇಳಿದರೆ, ಮುಚ್ಚಳ ನೋಡಿಯೂ ಏನೂ ಹೊಳೆಯದ ಮಗು ತಾನು ದಡ್ಡ ಎಂದುಕೊಳ್ಳಬಹುದು. ಕೆಟ್ಟ ಮಾದರಿಯನ್ನು ಬಿಚ್ಚಿ, ಅಳೆದು, ಯಾಕೆ ಓಡುತ್ತಿಲ್ಲ ಎಂದು ವರ್ಷಗಟ್ಟಲೆ ಕೇಳಿದವನ ಕಥೆ ಹೇಳಿ. ಮುಂದಿನ ಸಲ ಗ್ರೂಪಿಗೆ ಆ ಚಿತ್ರ ಬಂದಾಗ ಈ ಲೇಖನವನ್ನೂ ಅದರ ಕೆಳಗೆ ಹಾಕಿ.