ಗುಂಡಿಗೆ ಬಲ ಕೊಟ್ಟಿದ್ದು ನಿಧಾನ ಉರಿಯೋ ಮದ್ದು: ಕೌಬಾಯ್ ಎಲ್ಮರ್ ಕೀತ್ ಹಠದ ಕಥೆ

ಜುಲೈ 4 ಅಂದ್ರೆ ಅಮೆರಿಕದ ಸ್ವಾತಂತ್ರ್ಯ ದಿನ. ನಮ್ಮಲ್ಲಿ ದೀಪಾವಳಿಗೆ ಪಟಾಕಿ ಹೊಡೆದ ಹಾಗೆ ಅಲ್ಲಿನ ಹಳ್ಳಿಗಾಡಲ್ಲಿ ಆಕಾಶಕ್ಕೆ ಗುಂಡು ಹಾರಿಸಿ ಸಂಭ್ರಮ ಪಡುತ್ತಿದ್ದರು. 1925ರ ಆ ದಿನ 26 ವರ್ಷದ ಎಲ್ಮರ್ ಕೀತ್ ತನ್ನ ಹಳೇ ಕೋಲ್ಟ್ .45 ರಿವಾಲ್ವರ್ ಹಿಡಿದು ಗುಂಡು ಹಾರಿಸುತ್ತಿದ್ದ. ಒಂದು ಗುಂಡಿಗೆ ರಿವಾಲ್ವರ್‌ನ ಮೇಲ್ಭಾಗವೇ ಸಿಡಿದು ಹಾರಿಹೋಯಿತು. ತೋಟಾಗಳನ್ನು ತುಂಬಿದ್ದು ಬೇರೆ ಯಾರೂ ಅಲ್ಲ, ಅವನೇ. ರೈಫಲ್‌ಗೆ ಹಾಕುವ ಭಾರದ ಸೀಸದ ಗುಂಡು, ಅದರ ಹಿಂದೆ ಕರಿ ಮದ್ದು. ಸಿಲಿಂಡರ್ ಆ ಒತ್ತಡ ತಡೆಯಲಿಲ್ಲ. ಕೈ ಉಳಿದದ್ದು ಅದೃಷ್ಟ.

ಆ ಕೈಗೆ ಬೆಂಕಿಯ ಪರಿಚಯ ಮೊದಲೇ ಇತ್ತು. ಕೀತ್ ಹುಟ್ಟಿದ್ದು 1899ರ ಮಾರ್ಚ್ 8ರಂದು, ಮಿಸೌರಿ ರಾಜ್ಯದ ಹಾರ್ಡಿನ್‌ನಲ್ಲಿ. ಆಮೇಲೆ ಕುಟುಂಬ ಪಶ್ಚಿಮದ ಕಡೆ, ಮೊಂಟಾನಾಕ್ಕೆ ಬಂತು. ಅಲ್ಲಿನ ಮಿಸೌಲಾ ಊರಲ್ಲಿ ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹುಡುಗನಿಗೆ ಸುಮಾರು 12 ವರ್ಷ. ಮೈಯೆಲ್ಲ ಸುಟ್ಟಿತು, ಎಡಗೈ ಸೊಟ್ಟಗಾಗಿ ಹೋಯಿತು. ಬದುಕುತ್ತಾನೆ ಅನ್ನೋ ಆಸೆಯೇ ಕಡಿಮೆ ಇತ್ತು. ಕೊನೆಗೆ ಮನೆಯವರೇ ಬೆರಳು ಮುರಿದು ನೆಟ್ಟಗೆ ಕೂರಿಸಿದರು ಅಂತ ಕೀತ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೇ ಕೈಯಲ್ಲಿ ಲಗಾಮು ಹಿಡಿದು ಕುದುರೆ ಪಳಗಿಸಿದ, ದನ ಕಾಯ್ದ, ಬೇಟೆಗೆ ಬಂದವರಿಗೆ ಕಾಡಿನ ದಾರಿ ತೋರಿಸಿದ.

ರಿವಾಲ್ವರ್ ಸಿಡಿದ ಮೇಲೆ ಬೇರೆಯವರಾದರೆ ಸುಮ್ಮನಾಗುತ್ತಿದ್ದರೇನೋ. ಕೀತ್ ಸುಮ್ಮನಾಗಲಿಲ್ಲ, ಕಾರಣ ಹುಡುಕಿದ. .45ರ ರಂಧ್ರ ದೊಡ್ಡದು, ಹಾಗಾಗಿ ಸಿಲಿಂಡರ್ ಗೋಡೆ ತೆಳ್ಳಗೆ. ಅದೇ ಅಳತೆಯ ಸಿಲಿಂಡರ್‌ನಲ್ಲಿ .44 ಸ್ಪೆಷಲ್ ತೋಟಾದ ರಂಧ್ರ ಕೊರೆದರೆ ಸುತ್ತ ಸ್ವಲ್ಪ ಹೆಚ್ಚು ಉಕ್ಕು ಉಳಿಯುತ್ತೆ. ಹಾಗಾಗಿ .44ಕ್ಕೆ ಬದಲಾದ. ಗುಂಡಿನ ಆಕಾರವನ್ನೂ ತಾನೇ ರೂಪಿಸಿದ: ಮೂತಿ ಚಪ್ಪಟೆ, ಅಂಚು ಚೂಪು, ತೂಕ ಸುಮಾರು 250 ಗ್ರೇನ್. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧ ತೂಕ ಅಂದ್ಕೊಳ್ಳಿ. ಇಷ್ಟು ಸಣ್ಣ ತೂಕದಲ್ಲಿ ಹೆಚ್ಚುಕಮ್ಮಿ ಆದರೂ ಕೈಗೆ ಅಪಾಯ.

ಉಳಿದದ್ದು ಮದ್ದಿನ ಪ್ರಶ್ನೆ. ಪಿಸ್ತೂಲಿಗೆ ಬಳಸುತ್ತಿದ್ದ ಮದ್ದು ತೆಂಗಿನ ಗರಿ ಥರ, ಭಗ್ ಅಂತ ಹತ್ತಿ ಮುಗಿದುಬಿಡುತ್ತೆ. ಗುಂಡು ಇದ್ದ ಜಾಗದಿಂದ ಸರಿದು ಮುಗಿಯುವಷ್ಟರಲ್ಲೇ ಒತ್ತಡ ತುದಿ ಮುಟ್ಟಿರುತ್ತೆ. ಭಾರದ ಗುಂಡನ್ನು ಹೀಗೆ ಜೋರಾಗಿ ಓಡಿಸಲು ಹೋದರೆ ಏಟೆಲ್ಲ ಸಿಲಿಂಡರ್ ಮೇಲೆ. 1930ರ ದಶಕದ ಆರಂಭದಲ್ಲಿ ಹರ್ಕ್ಯುಲೀಸ್ ಕಂಪನಿ 2400 ಅನ್ನೋ ಮದ್ದು ತಂದಿತು. ಅದು ತಯಾರಾಗಿದ್ದು .22 ಹಾರ್ನೆಟ್‌ನಂಥ ಸಣ್ಣ ರೈಫಲ್ ತೋಟಾಗಳಿಗಾಗಿ. ಹುಣಸೆ ಕೊರಡಿನ ಹಾಗೆ ನಿಧಾನಕ್ಕೆ ಉರಿಯುತ್ತೆ. ಕೆಟ್ಟು ನಿಂತ ಟೆಂಪೋಗೆ ಗುದ್ದಿದರೆ ಕೈ ನೋಯುತ್ತೆ ಅಷ್ಟೇ, ಒತ್ತಿ ತಳ್ಳುತ್ತಾ ಹೋದರೆ ಓಡುತ್ತೆ. ಇದೂ ಹಾಗೇ. ಗುಂಡು ನಳಿಗೆಯಲ್ಲಿ ಸಾಗುವಾಗಲೂ ಹಿಂದಿನಿಂದ ತಳ್ಳುತ್ತಲೇ ಇರುತ್ತೆ. ವೇಗ ಅಷ್ಟೇ ಬೇಕಿದ್ದರೆ ಒತ್ತಡದ ತುದಿ ತಗ್ಗುತ್ತೆ.

ಇನ್ನೊಂದು ಲಾಭ ತೂಕ ಮಾಡಿ ತುಂಬುವವರಿಗೆ ಚೆನ್ನಾಗಿ ಗೊತ್ತು. ವೇಗದ ಮದ್ದು ಚಿಟಿಕೆಯಷ್ಟು ಸಾಕು, ಮರೆತು ಎರಡು ಸಲ ಹಾಕಿದರೂ ತೋಟಾದೊಳಗೆ ಕಾಣಲ್ಲ. ನಿಧಾನದ ಮದ್ದು ಜಾಗ ತುಂಬ ತಗೊಳ್ಳುತ್ತೆ, ಎರಡು ಸಲ ಹಾಕಿದರೆ ತುಳುಕಿ ಹೊರಗೆ ಬರುತ್ತೆ.

ಹಾಗಂತ ನಿಧಾನ ಇದ್ದಷ್ಟೂ ಒಳ್ಳೇದು ಅಂತಲ್ಲ. ದೊಡ್ಡ ರೈಫಲ್‌ನ ಮದ್ದು ಹಾಕಿದರೆ ರಿವಾಲ್ವರ್‌ನ ಗಿಡ್ಡ ನಳಿಗೆಯಲ್ಲಿ ಅದು ಪೂರ್ತಿ ಉರಿಯೋದೇ ಇಲ್ಲ. ಅರ್ಧ ಬೆಂದ ಕಾಳು ಒಳಗೆಲ್ಲ ಸಿಕ್ಕಿಕೊಳ್ಳುತ್ತೆ, ಬಾಯಲ್ಲಿ ದೊಡ್ಡ ಜ್ವಾಲೆ, ಗುಂಡಿಗೆ ಬಲವಿಲ್ಲ. ಗುಂಡು ಭಾರ ಇರಬೇಕು, ತೋಟಾದ ಬಾಯಿ ಗುಂಡನ್ನು ಬಿಗಿಯಾಗಿ ಕಚ್ಚಿರಬೇಕು, ಆಗಲೇ ಉರಿ ಸರಿಯಾಗಿ ಹಿಡಿಯೋದು. ಕೆಲವು ನಿಧಾನದ ಮದ್ದುಗಳನ್ನು ಹೇಳಿದ್ದಕ್ಕಿಂತ ತೀರಾ ಕಡಿಮೆ ಹಾಕಿದರೂ ಆಪತ್ತು. ಗುಂಡು ನಳಿಗೆಯಲ್ಲೇ ನಿಂತುಬಿಡಬಹುದು, ಗೊತ್ತಾಗದೆ ಮುಂದಿನದನ್ನು ಹಾರಿಸಿದರೆ ನಳಿಗೆಯೇ ಒಡೆಯುತ್ತೆ.

ಕೀತ್ ಬಳಿ ಒತ್ತಡ ಅಳೆಯುವ ಪ್ರಯೋಗಾಲಯ ಇರಲಿಲ್ಲ. ಖಾಲಿ ಹಿತ್ತಾಳೆ ಸಲೀಸಾಗಿ ಹೊರಬಂತಾ, ಸಿಕ್ಕಿಕೊಂಡಿತಾ ಅನ್ನೋದೇ ಅವನ ಅಳತೆಗೋಲು. ಅವನ .44 ಸ್ಪೆಷಲ್ ಲೆಕ್ಕ ಇವತ್ತಿನ ಅಧಿಕೃತ ಮಿತಿಗಿಂತ ಮೇಲಿದೆ, ಅದನ್ನು ಹಾಗೇ ನಕಲು ಮಾಡೋದು ಜಾಣತನವಲ್ಲ.

ಈ ಸಂಗತಿಗಳನ್ನು ಪತ್ರಿಕೆಗಳಲ್ಲಿ ಬರೆದ, 1936ರಲ್ಲಿ ರಿವಾಲ್ವರ್ ತೋಟಾಗಳ ಬಗ್ಗೆಯೇ ಪುಸ್ತಕ ತಂದ. ವರ್ಷಗಟ್ಟಲೆ ಕಂಪನಿಗಳ ಬೆನ್ನು ಬಿದ್ದ. ಕಾರ್ಖಾನೆಯೇ ಇಂಥ ತೋಟಾ ಮಾಡಲಿ, ಜನ ಮನೆಯಲ್ಲಿ ತುಂಬಿ ಕೈ ಕಳೆದುಕೊಳ್ಳೋದು ಬೇಡ ಅನ್ನೋದು ಅವನ ವಾದ. ಕಂಪನಿಗಳ ಭಯವೂ ಸುಳ್ಳಲ್ಲ. ಯಾರೋ ಅಜ್ಜನ ಕಾಲದ .44ಕ್ಕೆ ಹಾಕಿ ಸಿಡಿಸಿಕೊಂಡರೆ ಹೊಣೆ ಯಾರು?

ಕೊನೆಗೆ ದಾರಿ ಸಿಕ್ಕಿತು. ಹಿತ್ತಾಳೆ ಕೊಳವೆಯನ್ನೇ ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದ ಮಾಡಿದರು. ಹಳೇ ರಿವಾಲ್ವರ್‌ಗೆ ಅದು ಕೂರೋದೇ ಇಲ್ಲ. ರೆಮಿಂಗ್ಟನ್ ತೋಟಾ, ಸ್ಮಿತ್ ಆಂಡ್ ವೆಸನ್ ರಿವಾಲ್ವರ್, ಹೀಗೆ 1956ರ ಹೊತ್ತಿಗೆ .44 ಮ್ಯಾಗ್ನಮ್ ಮಾರುಕಟ್ಟೆಗೆ ಬಂತು. ಕೀತ್ ಕೇಳಿದ್ದು ಸೆಕೆಂಡಿಗೆ 1,200 ಅಡಿ ವೇಗ, ಅವರು ಕೊಟ್ಟಿದ್ದು ಅದಕ್ಕಿಂತ ಹೆಚ್ಚು. ಆದರೂ ವ್ಯಾಪಾರ ಮೊದಲು ಅಷ್ಟಕ್ಕಷ್ಟೇ. 1971ರಲ್ಲಿ ಡರ್ಟಿ ಹ್ಯಾರಿ ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಕೈಗೆ ಬಂದ ಮೇಲೆ ಅಂಗಡಿಗಳಲ್ಲಿ ಸಿಗದಂತಾಯಿತು. ಬೇಟೆಗಾರನ ಮೂವತ್ತು ವರ್ಷದ ದುಡಿಮೆಗಿಂತ ನಟನ ಎರಡು ಗಂಟೆ ಹೆಚ್ಚು ಕೆಲಸ ಮಾಡಿತು.

ಕೀತ್ ಐಡಾಹೊ ರಾಜ್ಯದ ಸಾಲ್ಮನ್ ಊರಲ್ಲೇ ನೆಲೆಸಿದ್ದ. ಅಗಲದ ಟೋಪಿ, ಬಾಯಲ್ಲಿ ಚುಟ್ಟಾ. 1984ರ ಫೆಬ್ರವರಿ 14ರಂದು ತೀರಿಕೊಂಡ. 2400 ಮದ್ದಿನ ಕಂಪನಿ ಹೆಸರು ಬದಲಾಗಿದೆ, ಡಬ್ಬಿ ಮೇಲಿನ ಆ ನಂಬರ್ ಬದಲಾಗಿಲ್ಲ.